ಮಹಡಿ ಹೈಕ್ಲಿಯರ್‌ನಲ್ಲಿ, ಅಡುಗೆಮನೆ ಎರ್ದಿಗ್‌ನಲ್ಲಿ

ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನ ಮತ್ತು ಅದರ ಆಳುಗಳ ಕಥೆ ಹೇಳುವ 'ಡೌನ್‌ಟನ್ ಆ್ಯಬಿ' ಧಾರಾವಾಹಿಗೆ ಮನಸೋತು, ಅದರ ಚಿತ್ರೀಕರಣ ನಡೆದ ಹೈಕ್ಲಿಯರ್ ಕೋಟೆಗೆ ಹೊರಡುವವರು ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ: ಕಥೆಯ ಅಡುಗೆಯಾಕೆ ಮಿಸೆಸ್ ಪ್ಯಾಟ್ಮೋರ್ ಅವರ ಅಡುಗೆಮನೆ ಅಲ್ಲಿಲ್ಲ. ಊಟದ ಕೋಣೆ, ಗ್ರಂಥಾಲಯ, ಓಕ್ ಮರದ ಮೆಟ್ಟಿಲು ಎಲ್ಲವೂ ಕೋಟೆಯವೇ. ಆಳುಗಳ ಊಟದ ಹಾಲ್, ಒಲೆ, ಗೋಡೆಯ ಮೇಲಿನ ಗಂಟೆಗಳ ಸಾಲು ಮಾತ್ರ ಪಶ್ಚಿಮ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ್ದ ಸೆಟ್. ಕೋಟೆಯ ಕೆಳಭಾಗ ಕಥೆಯ ಕಾಲದ ರೂಪದಲ್ಲಿ ಉಳಿದಿರಲಿಲ್ಲ. ಹಾಗಾಗಿ ಫುಟ್‌ಮ್ಯಾನ್ (ಊಟ ಬಡಿಸುವ ಆಳು) ತಟ್ಟೆ ಹಿಡಿದು ಹತ್ತುವ ಮೆಟ್ಟಿಲು ಈಲಿಂಗ್‌ನದು, ಅವನು ಒಳಬರುವ ಊಟದ ಕೋಣೆ ಹೈಕ್ಲಿಯರ್‌ನದು. ಎರಡರ ಚಿತ್ರೀಕರಣದ ನಡುವೆ ಕೆಲವೊಮ್ಮೆ ವಾರಗಳೇ ಕಳೆಯುತ್ತಿದ್ದವು. ತಟ್ಟೆಯಲ್ಲಿದ್ದ ತಿನಿಸು, ಅದನ್ನು ಹಿಡಿದ ಕೈ, ಬಟ್ಟೆಯ ಗುಂಡಿ ಎಲ್ಲವೂ ಎರಡೂ ಕಡೆ ತಾಳೆಯಾಗಬೇಕಿತ್ತು.

ಈ ಬಗೆಯ ಧಾರಾವಾಹಿಗಳ ಸೆಳೆತ ಇರುವುದೇ ಆ ಮೆಟ್ಟಿಲಿನಲ್ಲಿ. ಮೊದಲ ಕಂತನ್ನೇ ನೋಡಿ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಸುದ್ದಿ ಬರುತ್ತದೆ. ಮೇಲೆ ಅದು ವಾರಸುದಾರನ ಸಾವು, ಆಸ್ತಿಯ ಪ್ರಶ್ನೆ. ಕೆಳಗೆ ಅದು ನಾಳೆ ಯಾರ ಕೈಕೆಳಗೆ ದುಡಿಯಬೇಕು ಎಂಬ ಚಿಂತೆ. ಒಂದೇ ಸೂರು, ಒಂದೇ ಸುದ್ದಿ, ಎರಡು ಬದುಕು. ಇಂಥದ್ದನ್ನು ಊರೂರು ಸುತ್ತಿ ನೋಡಬೇಕೆಂದರೆ ಒಂದು ಮನೆ ಸಾಲದು. ಮಹಡಿಗೆ ಹೈಕ್ಲಿಯರ್, ಆಳುಗಳ ಕೆಳಮನೆಗೆ ವೇಲ್ಸ್‌ನ ಎರ್ದಿಗ್ ಎಂಬ ಹಳೆಯ ಧಣಿಮನೆ.

ಲಂಡನ್ನಿನಲ್ಲಿ ಅರ್ಧ ಗಂಟೆ ಸಿಕ್ಕರೆ ಬೆಲ್‌ಗ್ರೇವಿಯಾದ ಈಟನ್ ಪ್ಲೇಸ್ ನೋಡಿಕೊಂಡು ಹೋಗಿ. ಈ ಪ್ರಕಾರಕ್ಕೆ ದಾರಿ ಹಾಕಿಕೊಟ್ಟ, 1971ರಿಂದ 1975ರವರೆಗೆ ಪ್ರಸಾರವಾದ 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್' ಧಾರಾವಾಹಿಯ ಕಥೆಯಲ್ಲಿನ ಮನೆ ಈ ಬೀದಿಯ 165ನೇ ನಂಬರಿನದು. ಚಿತ್ರೀಕರಣಕ್ಕೆ ಬಳಸಿದ್ದು 65ನೇ ನಂಬರಿನ ಮನೆ. ಮುಂದೊಂದು 1 ಸೇರಿಸಿದ್ದರು. ಹೊರಗಿನಿಂದಷ್ಟೇ ನೋಡಲು ಸಾಧ್ಯ.

ಹೈಕ್ಲಿಯರ್‌ಗೆ ಪ್ಯಾಡಿಂಗ್‌ಟನ್ ನಿಲ್ದಾಣದಿಂದ ನ್ಯೂಬರಿಗೆ ರೈಲು, ಸುಮಾರು ಒಂದು ಗಂಟೆ. ಅಲ್ಲಿಂದ ಟ್ಯಾಕ್ಸಿ. ವಾಪಸಾಗುವ ಟ್ಯಾಕ್ಸಿಯನ್ನೂ ಹೋಗುವಾಗಲೇ ಗೊತ್ತು ಮಾಡಿಕೊಳ್ಳಿ. ಗೇಟಿನ ಬಳಿ ಗಾಡಿಗಳು ಕಾದು ನಿಂತಿರುವುದಿಲ್ಲ. ಬಹಳಷ್ಟು ಜನ ಎಡವುವುದು ದಿನಾಂಕದ ವಿಷಯದಲ್ಲಿ. ಅದು ಈಗಲೂ ಕಾರ್ನಾರ್ವನ್ ಅರ್ಲ್ ಕುಟುಂಬದ ಮನೆ, ವರ್ಷವಿಡೀ ತೆರೆದಿರುವುದಿಲ್ಲ. ಈಸ್ಟರ್ ಹೊತ್ತಿಗೆ ಕೆಲವು ದಿನ, ಬೇಸಿಗೆಯಲ್ಲಿ ಇನ್ನಷ್ಟು ದಿನ. ಟಿಕೆಟ್ ಕೈಗೆ ಬಂದ ಮೇಲೆ ರೈಲು ಬುಕ್ ಮಾಡಿ, ಉಲ್ಟಾ ಮಾಡಬೇಡಿ. ಕೋಟೆಯ ಒಳಗೆ ಫೋಟೊ ತೆಗೆಯುವಂತಿಲ್ಲ, ಆದ್ದರಿಂದ ಕಣ್ಣಿಗೆ ಕೆಲಸ ಕೊಡಿ.

ಲಂಡನ್ನಿನ ಸಂಸತ್ ಭವನ ಕಟ್ಟಿದ ಚಾರ್ಲ್ಸ್ ಬ್ಯಾರಿಯೇ 19ನೇ ಶತಮಾನದ ಮಧ್ಯದಲ್ಲಿ ಈ ಕೋಟೆಗೆ ಇಂದಿನ ಗೋಪುರಗಳ ರೂಪ ಕೊಟ್ಟದ್ದು. ನಡುವಿನ ಸಲೂನ್‌ನಲ್ಲಿ ನಿಂತು ಗೋಡೆ ನೋಡಿ: ಸ್ಪೇನಿನ ಕಾರ್ಡೊಬಾದ 17ನೇ ಶತಮಾನದ ಚಿತ್ತಾರದ ಚರ್ಮ. ಊಟದ ಕೋಣೆಯಲ್ಲಿ ಕುದುರೆ ಏರಿದ ಮೊದಲನೆಯ ಚಾರ್ಲ್ಸ್ ದೊರೆಯ ಚಿತ್ರ, ಕಲಾವಿದ ವ್ಯಾನ್ ಡೈಕ್ ಬರೆದದ್ದು. ಧಾರಾವಾಹಿಯಲ್ಲಿ ಔತಣದ ಹೊತ್ತಿನಲ್ಲೆಲ್ಲ ಹಿಂದೆ ಕಾಣುವುದು ಇದೇ. ತೆರೆಯ ಮೇಲಿನದಕ್ಕಿಂತ ಕೋಣೆಗಳು ಚಿಕ್ಕವೆನಿಸುತ್ತವೆ. ಕೆಳಗೆ ಅಡುಗೆಮನೆಯ ಬದಲು ಈಜಿಪ್ಟ್ ಪ್ರದರ್ಶನವಿದೆ. 1922ರಲ್ಲಿ ಈಜಿಪ್ಟಿನ ದೊರೆ ಟುಟಾಂಖಾಮನ್ ಸಮಾಧಿ ತೆರೆದ ಹೊವಾರ್ಡ್ ಕಾರ್ಟರ್‌ಗೆ ಹಣ ಒದಗಿಸಿದ್ದು ಈ ಮನೆಯ 5ನೇ ಅರ್ಲ್. ಅದನ್ನು ಬಿಟ್ಟು ಬರಬೇಡಿ.

ಕಥೆಯ ಊರು ಯಾರ್ಕ್‌ಶೈರ್‌ನಲ್ಲಿದ್ದರೂ ಕ್ಯಾಮೆರಾ ಕಂಡ ಹಳ್ಳಿ ಆಕ್ಸ್‌ಫರ್ಡ್‌ಶೈರ್‌ನ ಬ್ಯಾಂಪ್ಟನ್. ಅಲ್ಲಿನ ಹಳೆಯ ಗ್ರಾಮರ್ ಸ್ಕೂಲ್ ಕಟ್ಟಡ ಧಾರಾವಾಹಿಯಲ್ಲಿ ಕಾಟೇಜ್ ಆಸ್ಪತ್ರೆಯಾಗಿತ್ತು, ಈಗ ಗ್ರಂಥಾಲಯ. ಸೇಂಟ್ ಮೇರಿ ಚರ್ಚು ನಾಲ್ಕು ಹೆಜ್ಜೆ ದೂರ. ಸುತ್ತಲಿನ ಮನೆಗಳಲ್ಲಿ ಜನ ವಾಸವಿದ್ದಾರೆ, ಕಿಟಕಿಗೆ ಇಣುಕುವುದು ಬೇಡ. ಒಂದು ಗಂಟೆ ಸಾಕು.

ಉಳಿಸಿದ ಸಮಯವನ್ನು ಎರ್ದಿಗ್‌ಗೆ ಕೊಡಿ. ರೆಕ್ಸಮ್ ಪಟ್ಟಣದಿಂದ ಸುಮಾರು ಎರಡು ಮೈಲಿ. 1973ರಲ್ಲಿ ಯಾರ್ಕ್ ಮನೆತನದ ಕೊನೆಯ ಯಜಮಾನ ಇದನ್ನು ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸಿದರು. ಟ್ರಸ್ಟ್ ಇಲ್ಲಿ ದೊಡ್ಡ ಕೆಲಸ ಮಾಡಿತು: ಪ್ರವಾಸಿಗರನ್ನು ಮುಂಬಾಗಿಲಿನಿಂದ ಬಿಡದೆ ಆಳುಗಳ ಕಡೆಯಿಂದ ಬಿಟ್ಟಿತು. ಬಡಗಿಯ ಕೊಟ್ಟಿಗೆ, ಕುಲುಮೆ, ಲಾಯ, ಬಟ್ಟೆ ಒಗೆಯುವ ಮನೆ, ಬ್ರೆಡ್ಡಿನ ಒಲೆ, ಅಡುಗೆಮನೆ ದಾಟಿದ ಮೇಲೆಯೇ ರೇಷ್ಮೆ ಹೊದಿಸಿದ ಕೋಣೆಗಳು. ಮನೆ ನಿಂತಿದ್ದು ಯಾರ ತೋಳಬಲದಿಂದ ಎಂಬುದು ಆಗಲೇ ಮನದಟ್ಟಾಗಿರುತ್ತದೆ.

ಆಳುಗಳ ಹಾಲ್‌ನಲ್ಲಿ ನಿಧಾನಿಸಿ. ಬೇರೆ ಮನೆಗಳಲ್ಲಿ ಧಣಿಗಳ ಭಾವಚಿತ್ರ ತೂಗುವಂತೆ ಇಲ್ಲಿ ಆಳುಗಳದ್ದು ತೂಗುತ್ತವೆ, ಯಜಮಾನರೇ ಅವರ ಮೇಲೆ ಕಟ್ಟಿದ ಪದ್ಯಗಳ ಸಮೇತ. 1793ರ ಒಂದು ಚಿತ್ರದಲ್ಲಿ 87 ವರ್ಷದ ಜೇನ್ ಎಬ್ರೆಲ್ ಇದ್ದಾಳೆ. ಮನೆಗೆಲಸ, ಅದರಲ್ಲೂ ಜೇಡರ ಬಲೆ ತೆಗೆಯುವುದು ಅವಳ ಕೆಲಸ. ನಂತರದ ಫೋಟೊಗಳಲ್ಲಿ ಒಬ್ಬೊಬ್ಬರೂ ತಮ್ಮ ಕೆಲಸದ ಸಲಕರಣೆ ಹಿಡಿದು ನಿಂತಿದ್ದಾರೆ. ಪ್ರೀತಿಯಿಂದ ಬರೆಸಿದ ಚಿತ್ರ ನಿಜ, ಆದರೆ ಸಂಬಳ ಕೊಡುವವರು ಬರೆಸಿದ ಚಿತ್ರ ಎಂಬುದನ್ನೂ ನೆನಪಿಡಬೇಕು. ಧಾರಾವಾಹಿಗಳ ಸಿಹಿಯಾದ ಧಣಿಗಳನ್ನೂ ಹಾಗೆಯೇ ನೋಡಬೇಕು.

ಗಂಟೆಗಳನ್ನೂ ಗಮನಿಸಿ. ಇಂಥ ಮನೆಗಳಲ್ಲಿ ಮೇಲಿನ ಕೋಣೆಯಲ್ಲಿ ಹಿಡಿ ಎಳೆದರೆ ಗೋಡೆಯೊಳಗಿನ ತಂತಿ ಮೂಲೆ ಮೂಲೆಯ ಸನ್ನೆಗಳನ್ನು ತಿರುಗಿಸುತ್ತ ಕೆಳಗಿನ ಗಂಟೆ ಬಾರಿಸುತ್ತಿತ್ತು. ಗಂಟೆ ಸುರುಳಿ ಸ್ಪ್ರಿಂಗಿನ ಮೇಲಿರುವುದರಿಂದ ಸದ್ದು ನಿಂತ ಮೇಲೂ ಅಲುಗಾಡುತ್ತಿರುತ್ತದೆ. ದೂರದಲ್ಲಿದ್ದವಳು ಓಡಿಬಂದರೂ ಕರೆದ ಕೋಣೆ ಯಾವುದೆಂದು ಗೊತ್ತಾಗುತ್ತಿತ್ತು.

ಎರ್ದಿಗ್‌ನ ಕೋಣೆಗಳಿಗೆ ವಿದ್ಯುತ್ ದೀಪ ಬರಲೇ ಇಲ್ಲ, ಇಂದಿಗೂ ಹಗಲ ಬೆಳಕಿನಲ್ಲೇ ನೋಡಬೇಕು. ಮೋಡ ಕವಿದ ದಿನ ಚಿತ್ರಗಳ ವಿವರ ಕಾಣುವುದಿಲ್ಲ. ಮಧ್ಯಾಹ್ನದ ಮುಂಚೆ, ಬಿಸಿಲಿರುವ ದಿನ ಆರಿಸಿಕೊಳ್ಳಿ. ಮನೆಯ ಸಮಯವೂ ತೋಟದ ಸಮಯವೂ ಬೇರೆ ಬೇರೆ ಇರಬಹುದು, ಹೊರಡುವ ಮುನ್ನ ಎರಡನ್ನೂ ಪರೀಕ್ಷಿಸಿ.

ವೇಲ್ಸ್‌ವರೆಗೆ ಹೋಗಲಾಗದವರಿಗೆ ಪಶ್ಚಿಮ ಸಸೆಕ್ಸ್‌ನ ಪೆಟ್‌ವರ್ತ್ ಇದೆ. ಅಲ್ಲಿ ಆಳುಗಳದ್ದು ಬೇರೆಯೇ ಕಟ್ಟಡ. ಅಡುಗೆಯನ್ನು ಸುರಂಗದ ಮೂಲಕ ದೊಡ್ಡ ಮನೆಗೆ ಸಾಗಿಸುತ್ತಿದ್ದರು. ವಾಸನೆಯೂ ಬೆಂಕಿಯ ಭಯವೂ ದೂರ ಉಳಿಯುತ್ತಿತ್ತು, ಊಟ ಮಾತ್ರ ಆರುತ್ತಿತ್ತು. ಅಡುಗೆಮನೆಯ ತಾಮ್ರದ ಪಾತ್ರೆಗಳೇ ಸಾವಿರಕ್ಕೂ ಹೆಚ್ಚು.