ನಂದಿಯ ತಪ್ಪಲಲ್ಲಿ ವೈನ್ ದ್ರಾಕ್ಷಿ: ಕತ್ತರಿ ಹಾಕುವ ದಿನ ಮತ್ತು ಫೆಬ್ರವರಿಯ ರಾತ್ರಿಗಳು

ಚೆನ್ನೈ ಮತ್ತು ನಂದಿಬೆಟ್ಟದ ತಪ್ಪಲು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ, 13 ಡಿಗ್ರಿ ಉತ್ತರದ ಆಸುಪಾಸು. ಯುರೋಪಿನ ವೈನ್ ಸೀಮೆಗಳೆಲ್ಲ ಬಹಳ ಉತ್ತರಕ್ಕಿವೆ. ಆದರೂ ಇಲ್ಲಿ ನಾವು ಶಿರಾಜ್, ಕ್ಯಾಬರ್ನೆಯಂಥ ಕೆಂಪು ವೈನಿನ ತಳಿಗಳನ್ನು ಬೆಳೆಯುತ್ತಿರುವುದು ಎತ್ತರದ ದಯೆಯಿಂದ. ನಮ್ಮ ತೋಟಗಳು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿವೆ. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪು.

ದ್ರಾಕ್ಷಿಗೆ ಆ ತಂಪು ಹೆಚ್ಚು ಬೇಕಾಗುವುದು ರಾತ್ರಿಯಲ್ಲಿ. ಹಗಲು ಎಲೆ ಸಕ್ಕರೆ ಮಾಡುತ್ತದೆ. ರಾತ್ರಿಯೂ ಸೆಕೆಯಿದ್ದರೆ ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಉಸಿರಾಟದಲ್ಲೇ ಕರಗಿಹೋಗುತ್ತದೆ, ಸಿಪ್ಪೆಗೆ ಬಣ್ಣವೂ ಸರಿಯಾಗಿ ಏರುವುದಿಲ್ಲ. ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಸಕ್ಕರೆ ಚೆನ್ನಾಗಿದೆ ಎನ್ನುತ್ತದೆ, ಬೀಜ ಕಚ್ಚಿ ನೋಡಿದರೆ ಇನ್ನೂ ಹಸಿರು, ಒಗರು.

ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ: ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗೆ. ಎರಡನೆಯದರಿಂದ ಕೊಯ್ಲಿಗೆ ಸುಮಾರು 5 ತಿಂಗಳು. ನಮ್ಮ ಕೆಲಸದ ಅತಿ ದೊಡ್ಡ ನಿರ್ಧಾರ ಇಲ್ಲೇ ಇದೆ. ಬೇಗ ಸವರಿದರೆ ಹೂವು ಹಿಂಗಾರು ಮಳೆಗೆ, ಬಂಗಾಳಕೊಲ್ಲಿಯ ವಾಯುಭಾರ ಕುಸಿತಕ್ಕೆ ಸಿಗುತ್ತದೆ; ತೇವದಲ್ಲಿ ಹಬ್ಬುವ ಡೌನಿ ಎಂಬ ಬೂಜು ರೋಗ ಬಂದರೆ ಗೊಂಚಲೇ ಹೋಯಿತು. ತಡಮಾಡಿದರೆ ಹಣ್ಣು ಮಾಗುವುದು ಮಾರ್ಚ್‌ ಬಿಸಿಲಿಗೆ. ಪ್ರತಿ ವರ್ಷ ಈ ಚರ್ಚೆಯಾದಾಗ ನಾನು ಬೇಗ ಸವರುವ ಪಕ್ಷ. ಎಲೆ ತೆಗೆದು ಗಾಳಿಯಾಡಿಸಿ, ಹೊತ್ತಿಗೆ ಸರಿಯಾಗಿ ಔಷಧಿ ಹೊಡೆದರೆ ರೋಗದ ಜೊತೆ ಹೋರಾಡಬಹುದು. ಮಾರ್ಚ್‌ನ ಸೆಕೆಗೆ ನಮ್ಮ ಕೈಯಲ್ಲಿ ಮದ್ದಿಲ್ಲ.

ಇನ್ನು ಇಳಿಜಾರು. ಮೇಲಿನ ಸಾಲುಗಳಲ್ಲಿ ಕಲ್ಲುಮಿಶ್ರಿತ ಕೆಂಪು ಮಣ್ಣು, ನೀರು ನಿಲ್ಲದು, ಕಾಯಿ ಸಣ್ಣದು. ಕೆಳಗೆ ಮಣ್ಣು ಆಳ. ಬಳ್ಳಿ ಸೊಕ್ಕಿ ಎಲೆಗೇ ಹೋಗುತ್ತದೆ. ರಾತ್ರಿ ತಣ್ಣನೆ ಗಾಳಿ ಜಾರಿ ತಗ್ಗಿನಲ್ಲಿ ಸೇರುವುದರಿಂದ ಇಬ್ಬನಿ ಅಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಡೌನಿ ಮೊದಲು ಕಾಣುವುದೂ ಅಲ್ಲೇ. ಆದ್ದರಿಂದ ಗೊಂಚಲಿನ ಸುತ್ತ ಪೂರ್ವದ ಕಡೆ ಎಲೆ ತೆಗೆಯುತ್ತೇವೆ, ಎಳೆಬಿಸಿಲು ಇಬ್ಬನಿ ಒಣಗಿಸಲಿ ಅಂತ. ಪಶ್ಚಿಮದ ಎಲೆ ಮುಟ್ಟುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಡುತ್ತದೆ.

ದಿಲ್‌ಖುಷ್ ಎಂಬ ತಿನ್ನುವ ದ್ರಾಕ್ಷಿ ಬೆಳೆಯುವ ಅಕ್ಕಪಕ್ಕದ ರೈತರು ಕೇಳುತ್ತಾರೆ, "ನೀರು ಯಾಕ್ ಸಾರ್ ಇಷ್ಟು ಕಮ್ಮಿ ಬಿಡ್ತೀರ? ಕಾಯಿ ದಪ್ಪನೇ ಆಗಲ್ವಲ್ಲ!" ತಿನ್ನುವ ಹಣ್ಣಿಗೆ ಅವರ ಮಾತು ಸರಿ. ಕೆಂಪು ವೈನಿನ ಬಣ್ಣ, ಒಗರು ಎರಡೂ ಬಹುಪಾಲು ಸಿಪ್ಪೆಯಿಂದ; ಕಾಯಿ ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು. ಅದಕ್ಕೇ ಮೇಲಿನ ಸಾಲು, ಕೆಳಗಿನ ಸಾಲು ಬೇರೆ ಬೇರೆ ದಿನ ಕೊಯ್ದು, ಬೇರೆ ಟ್ಯಾಂಕಿಗೇ ಹಾಕುತ್ತೇವೆ.

ಹೊಸದಾಗಿ ವೈನ್ ದ್ರಾಕ್ಷಿ ಹಾಕುವವರು ಸಸಿ ತರುವ ಮೊದಲು ಜಮೀನಿನ ಮೇಲ್ತುದಿಗೊಂದು, ತಗ್ಗಿಗೊಂದು ಥರ್ಮಾಮೀಟರ್ ನೆಟ್ಟು, ಜನವರಿಯಿಂದ ಮಾರ್ಚ್‌ವರೆಗಿನ ರಾತ್ರಿಯ ಕನಿಷ್ಠ ಉಷ್ಣಾಂಶ ಬರೆದಿಡಿ. ಯಾವ ತಳಿ, ಯಾವ ಭಾಗದಲ್ಲಿ ಎಂಬುದನ್ನು ಆ ಪಟ್ಟಿ ನೋಡಿಯೇ ತೀರ್ಮಾನಿಸಿ.