ಕರಿಯನ ಕತ್ತಿನ ಸುಳಿ: ಮೂರು ತಿಂಗಳ ಡೈರಿ

ಮಾರ್ಚ್ 8
ಕರಿಯ ನಮ್ಮ ರಾಟ್‌ವೈಲರ್ ನಾಯಿಮರಿ. ಸ್ನಾನ ಮಾಡಿಸುವಾಗ ಕತ್ತಿನ ಮೇಲೆ, ನಟ್ಟನಡುವೆ, ಕೂದಲು ಸುತ್ತಿಕೊಂಡಿದ್ದು ಕಂಡಿತು. "ಸುಳಿ ಅದ ತಮ್ಮಾ, ಎತ್ತಿಗಿ ಇರಂಗಿಲ್ಲೇನು?" ಅಂದರು ಪಕ್ಕದ ಮನೆ ಕಾಕಾ. ಸುಳಿ ನೋಡಿಯೇ ಎತ್ತಿನ ರೇಟು ಹೇಳುವವರು. ನಾನೂ ನಂಬಿದೆ.

ಮಾರ್ಚ್ 29
ಸುಳಿಯ ನಡುವೆ ಸೂಜಿ ಮೊನೆಯಷ್ಟು ತೂತು. ಅದರಿಂದ ನಾಲ್ಕೈದು ಕೂದಲು ಹೊರಬಂದಿವೆ, ಜಿಡ್ಡೂ ಇದೆ. ಒಂದು ಕ್ಲಿನಿಕ್‌ನಲ್ಲಿ ಕುರು ಅಂದರು, ಮಾತ್ರೆ ಕೊಟ್ಟರು. ಹತ್ತು ದಿನ ಒಣಗಿತ್ತು, ಮತ್ತೆ ಕೀವು. ಕಾಕಾ ಹಿಂಡೋಣ ಅಂದರು. ಸುಮ್ನೆ ಹೆದರಿ ಬೇಡ ಅಂದೆ. ಆ ಹೆದರಿಕೆಯೇ ಒಳ್ಳೆಯದಾಯಿತು.

ಏಪ್ರಿಲ್ 20
ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಬಂದೆವು. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡರೆ ಅರ್ಧ ಡಜನ್ ಕರಿಯನೇ ತಿಂದ. ಡಾಕ್ಟರ್ ತೂತಿನ ಸುತ್ತ ಚರ್ಮ ಎತ್ತಿ ತೋರಿಸಿದರು: ಕೆಳಗೆ ದಾರದಂಥದ್ದು ಬೆರಳಿಗೆ ಸಿಗುತ್ತದೆ. ಹೆಸರು ಡರ್ಮಾಯ್ಡ್ ಸೈನಸ್, ಹುಟ್ಟಿನಿಂದಲೇ ಇರುವಂಥದ್ದು. ಗರ್ಭದಲ್ಲಿ ಚರ್ಮ, ಬೆನ್ನುಹುರಿ ಎರಡೂ ಒಂದೇ ಪದರದಿಂದ ಆಗುತ್ತವೆ, ಆಮೇಲೆ ಬೇರೆಯಾಗಬೇಕು. ಪೂರ್ತಿ ಬೇರೆಯಾಗದಿದ್ದರೆ ನಡುವೆ ಚರ್ಮದ್ದೇ ಕೊಳವೆ ಉಳಿಯುತ್ತದೆ. ಒಳಗೂ ಚರ್ಮ ಅಲ್ವಾ, ಅಲ್ಲೂ ಕೂದಲು ಬೆಳೆಯುತ್ತದೆ, ಜಿಡ್ಡು ತುಂಬಿ ಕೀವಾಗುತ್ತದೆ. ಕೊಳವೆ ಬೆನ್ನುಹುರಿಯ ಪೊರೆಯವರೆಗೆ ಇಳಿದಿದ್ದರೆ ಕೀವು ಅಲ್ಲಿಗೇ ಹೋಗಬಹುದು. ಹಿಂಡಬಾರದು, ಕಡ್ಡಿ ಹಾಕಬಾರದು.

ರೊಡೇಷಿಯನ್ ರಿಡ್ಜ್‌ಬ್ಯಾಕ್ ತಳಿಯಲ್ಲಿ ಇದು ಜಾಸ್ತಿ. ಅವುಗಳ ಬೆನ್ನಿನ ಉಲ್ಟಾ ಕೂದಲಿನ ಪಟ್ಟಿಗೆ ಕಾರಣವಾದ ಜೀನ್ ಬದಲಾವಣೆಯೇ ಇದಕ್ಕೂ ದಾರಿ ಮಾಡುತ್ತದೆ ಎಂದು 2007ರಲ್ಲಿ ಗೊತ್ತಾಯಿತು. ರಾಟ್‌ವೈಲರ್‌ನಲ್ಲಿ ಅಪರೂಪವಂತೆ. ಅಪರೂಪದ್ದು ನಮಗೇ ಸಿಗಬೇಕೆ!

ಮೇ 6
ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧಿಯನ್ನು ತೂತಿಗೆ ಬಿಟ್ಟು ನೋಡಿದ್ದರು. ಕೊಳವೆ ಕತ್ತಿನ ಗಟ್ಟಿ ನಾರಿನ ಹತ್ತಿರ ನಿಂತಿತ್ತು. ಇವತ್ತು ಆಪರೇಷನ್. ಕೊಳವೆಯನ್ನು ಒಡೆಯದೆ, ಬುಡದವರೆಗೆ ಬಿಡಿಸಿ ತೆಗೆದರು. ಚೂರು ಉಳಿದರೂ ಮತ್ತೆ ಬರುತ್ತದೆ. ತೆಗೆದದ್ದನ್ನು ತೋರಿಸಿದರು: ಹೆಬ್ಬೆರಳುದ್ದದ ಬಿಳಿ ಹುರಿ, ಒಳಗೆಲ್ಲ ಕೂದಲು.

ಮೇ 11
ಹೊಲಿಗೆ ಕೆಳಗೆ ನೀರು ತುಂಬಿ ಊದಿದೆ. ಗಾಬರಿಯಾಗಿ ಫೋನ್ ಮಾಡಿದೆ. ಕೊಳವೆ ಇದ್ದ ಜಾಗ ಖಾಲಿಯಾದಾಗ ಹೀಗಾಗುವುದುಂಟು, ಮುಟ್ಟಬೇಡಿ ಅಂದರು. ಹಿಂಗಾಲಿಂದ ಕೆರೆದುಕೊಳ್ಳದಿರಲಿ ಎಂದು ಕರಿಯನಿಗೆ ಅಣ್ಣನ ಮಗುವಿನ ಕಾಲುಚೀಲ ಹಾಕಿದ್ದೇವೆ. ಕಲಬುರಗಿಯ ಮೇ ಬಿಸಿಲು ಬೇರೆ. ಹಗಲೆಲ್ಲ ಕೂಲರ್ ಮುಂದೆಯೇ ಮಲಗುತ್ತಾನೆ. ನಾವೆಲ್ಲ ಅವನ ಹಿಂದೆ.

ಜೂನ್ 2
ಊತ ತಾನಾಗಿ ಇಳಿಯಿತು. ಹೊಲಿಗೆ ತೆಗೆಸಿ ಹತ್ತು ದಿನವಾಯಿತು, ಕೂದಲು ಬರುತ್ತಿದೆ. ಇದು ವಂಶದಲ್ಲಿ ಬರುವುದರಿಂದ ಕರಿಯನಿಂದ ಮರಿ ಹಾಕಿಸುವುದಿಲ್ಲ. ಮರಿ ಕೊಟ್ಟವರಿಗೂ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ದೀಪಾವಳಿಗೆ ಅದೇ ಜೋಡಿಯ ಮರಿಗಳು ಬರ್ತಾವ, ಒಂದು ಬೇಕೇನ್ರಿ ಅಂದರು.