ಬಾಬ್ ಡೋಲ್ ಊರಿಗೆ ಎರಡು ದಿನದ ಪ್ರಯಾಣ: ಕನ್ಸಾಸ್ ಸಿಟಿಯಿಂದ ರಸೆಲ್‌ವರೆಗೆ

ಕನ್ಸಾಸ್ ಸಿಟಿಗೆ ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆ ಮೂರನೇ ವಾರದಲ್ಲಿ ಒಂದು ಚಿಂತೆ ಶುರುವಾಗುತ್ತದೆ. ಇನ್ನೇನು ತೋರಿಸೋದು? ನಯಾಗರಾ ದೂರ. ದೇವಸ್ಥಾನ ಎರಡು ಸಲ ಆಯ್ತು, ಕಾಸ್ಟ್ಕೋ ಆರು ಸಲ ಆಯ್ತು. ನಮ್ಮಪ್ಪ ನಿವೃತ್ತ ಮೇಷ್ಟ್ರು, ಬೆಟ್ಟ ಜಲಪಾತಕ್ಕಿಂತ ರಾಜಕೀಯ ಜಾಸ್ತಿ ಇಷ್ಟ. ಹಾಗಾಗಿ ಜೂನ್ ಮೊದಲ ವಾರ ಅವರನ್ನು ಕೂರಿಸಿಕೊಂಡು ಬಾಬ್ ಡೋಲ್ ಊರಿಗೆ ಹೊರಟೆ.

ಡೋಲ್ ಯಾರು ಅಂತ ಗೊತ್ತಿಲ್ಲದವರಿಗೆ: ಕನ್ಸಾಸ್‌ನ ರಿಪಬ್ಲಿಕನ್. 1961ರಿಂದ ಎಂಟು ವರ್ಷ ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ, ಆಮೇಲೆ 1996ರವರೆಗೆ ಮೇಲ್ಮನೆ ಸೆನೆಟ್‌ನಲ್ಲಿ. 1976ರಲ್ಲಿ ಆಗಿನ ಅಧ್ಯಕ್ಷ ಫೋರ್ಡ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು, 1996ರಲ್ಲಿ ಕ್ಲಿಂಟನ್ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. 2021ರ ಡಿಸೆಂಬರ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೆಚ್ಚಿನವರು ಲಾರೆನ್ಸ್‌ನಲ್ಲಿರುವ ಡೋಲ್ ಇನ್‌ಸ್ಟಿಟ್ಯೂಟ್ ಅನ್ನೋ ಮ್ಯೂಸಿಯಂ ನೋಡಿ ವಾಪಸ್ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿಂದ ಮುಂದೆ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ರಸೆಲ್‌ವರೆಗೂ ಹೋಗಿ. ಕನ್ಸಾಸ್ ಸಿಟಿಯಿಂದ ಒಟ್ಟು ಸುಮಾರು 250 ಮೈಲಿ, ನಾಲ್ಕು ಗಂಟೆ ಹತ್ತಿರ ಆಗುತ್ತದೆ. ಒಂದೇ ದಿನದಲ್ಲಿ ಹೋಗಿ ಬರಬಹುದು, ಆದರೆ ವಯಸ್ಸಾದವರ ಜೊತೆ ಬೇಡ. ಟೊಪೀಕಾವರೆಗೆ ಟೋಲ್ ರಸ್ತೆ. ಈಗ ಬೂತ್‌ನಲ್ಲಿ ದುಡ್ಡು ತಗೊಳ್ಳುವುದಿಲ್ಲ. ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟ್ ನೋಡಿ ಬಿಲ್ ಕಳಿಸುತ್ತಾರೆ. ಬಾಡಿಗೆ ಕಾರಾದರೆ ಟೋಲ್‌ಗೆ ಮೇಲುಖರ್ಚು ಎಷ್ಟು ಹಾಕುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಲಾರೆನ್ಸ್ ಮುಕ್ಕಾಲು ಗಂಟೆ ದಾರಿ. ಇನ್‌ಸ್ಟಿಟ್ಯೂಟ್ ಇರುವುದು ಕನ್ಸಾಸ್ ಯೂನಿವರ್ಸಿಟಿಯ ಪಶ್ಚಿಮ ಭಾಗದಲ್ಲಿ. ಮ್ಯಾಪ್‌ನಲ್ಲಿ ಸುಮ್ನೆ ಯೂನಿವರ್ಸಿಟಿ ಅಂತ ಹಾಕಿದರೆ ಗುಡ್ಡದ ಮೇಲಿನ ಹಳೇ ಕ್ಯಾಂಪಸ್‌ಗೆ ಹೋಗಿ ಪಾರ್ಕಿಂಗ್‌ಗೆ ಪರದಾಡುತ್ತೀರಿ. ನಾನು ಪರದಾಡಿದೆ. ಪ್ರವೇಶ ಉಚಿತ. ಒಳಗೆ ಕಾಲಿಟ್ಟರೆ ಎದುರಿಗೇ 29 ಅಡಿ ಎತ್ತರದ ಬಣ್ಣದ ಗಾಜಿನ ಅಮೆರಿಕದ ಬಾವುಟ. ಬೆಳಿಗ್ಗೆ ಹೋದರೂ ಮಧ್ಯಾಹ್ನ ಹೋದರೂ ಎರಡು ಗಂಟೆ ಇಟ್ಟುಕೊಳ್ಳಿ.

ಡೋಲ್ ಈ ಯೂನಿವರ್ಸಿಟಿಗೆ 1941ರಲ್ಲಿ ಸೇರಿದ್ದರು, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಗಟ್ಟಿ ಹುಡುಗ. ಆಮೇಲೆ ಸೈನ್ಯ. 1945ರ ಏಪ್ರಿಲ್ 14ರಂದು ಇಟಲಿಯ ಬೆಟ್ಟದಲ್ಲಿ ಗಾಯವಾಯಿತು. ಬಲಭುಜ, ಬೆನ್ನುಮೂಳೆ ಚಿಂದಿ. ಎತ್ತಿಕೊಂಡು ಹೋಗುವವರು ಬರುವಷ್ಟರಲ್ಲಿ ಒಂಬತ್ತು ಗಂಟೆ ಆಗಿತ್ತು. ಮಾರ್ಫಿನ್ ಕೊಟ್ಟಾಗಿದೆ, ಇನ್ನೊಮ್ಮೆ ಕೊಡಬೇಡಿ ಅಂತ ತಿಳಿಯಲಿ ಎಂದು ಅವರ ಹಣೆಯ ಮೇಲೆ ಅವರದೇ ರಕ್ತದಿಂದ ‘ಎಂ’ ಅಂತ ಬರೆದಿದ್ದರಂತೆ. 194 ಪೌಂಡ್ ಇದ್ದವರು 122ಕ್ಕೆ ಇಳಿದರು. ಬಲಗೈ ಮತ್ತೆ ಕೆಲಸಕ್ಕೆ ಬರಲೇ ಇಲ್ಲ.

ಆ ಕೈಯಲ್ಲಿ ಅವರು ಸದಾ ಒಂದು ಪೆನ್ ಹಿಡಿದಿರುತ್ತಿದ್ದರು. ಬೆರಳುಗಳು ಬಿಚ್ಚಿಕೊಳ್ಳದಿರಲಿ, ಕೈ ಕುಲುಕಲು ಬಂದವರು ಆ ಕೈಯನ್ನೇ ಹಿಡಿದು ಎಳೆಯದಿರಲಿ ಅಂತ. ಇದನ್ನು ಹೇಳಿದ್ದೇ ತಪ್ಪಾಯಿತು. ಅಪ್ಪ ಒಂದೊಂದು ಫೋಟೋದ ಮುಂದೂ ನಿಂತು ಪೆನ್ ಹುಡುಕತೊಡಗಿದರು. “ಇಲ್ನೋಡು, ಇದರಲ್ಲೂ ಇದೆ!”

ಒಂದು ಮಾತು. ಅವರ ಹೆಸರಿನ ಕಟ್ಟಡ ಅಂದಮೇಲೆ ಅವರ ಮೇಲೆ ಸ್ವಲ್ಪ ಅಕ್ಕರೆ ಇದ್ದೇ ಇರುತ್ತದೆ, ಅಲ್ವಾ? ಮನುಷ್ಯನ ನಾಲಿಗೆ ಹರಿತ. 1976ರ ಉಪಾಧ್ಯಕ್ಷರ ಚರ್ಚೆಯಲ್ಲಿ ಈ ಶತಮಾನದ ಯುದ್ಧಗಳೆಲ್ಲ ಡೆಮಾಕ್ರಾಟರ ಯುದ್ಧಗಳು ಅನ್ನೋ ಅರ್ಥದಲ್ಲಿ ಮಾತಾಡಿ ಪಕ್ಷಕ್ಕೇ ಮುಜುಗರ ತಂದಿದ್ದರು. 1965ರಲ್ಲಿ ವೃದ್ಧರ ಆರೋಗ್ಯವಿಮೆ ಮೆಡಿಕೇರ್‌ಗೆ ವಿರುದ್ಧ ಮತ ಹಾಕಿದವರು. ಅದೇ ಮನುಷ್ಯ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಪರವಾಗಿ ಮತ ಹಾಕಿದರು. ಬಡವರಿಗೆ ಆಹಾರ ಕೊಳ್ಳಲು ನೆರವಾಗುವ ಫುಡ್ ಸ್ಟ್ಯಾಂಪ್ ಯೋಜನೆಗೆ ಎದುರುಪಕ್ಷದ ಸೆನೆಟರ್ ಮೆಗವರ್ನ್ ಜೊತೆ ಸೇರಿ ದುಡಿದರು. 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಬೆಂಬಲವಾಗಿ ನಿಂತರು. “ಹಾಗಾದ್ರೆ ಇವರು ಬಡವರ ಪರಾನೋ ವಿರುದ್ಧಾನೋ?” ಅಂದರು ಅಪ್ಪ. ನಾನು ರಸೆಲ್‌ಗೆ ಹೋಗೋಣ ಬನ್ನಿ ಅಂದೆ.

ದಾರಿಯಲ್ಲಿ ಟೊಪೀಕಾ, ಅಲ್ಲಿನ ವಾಶ್‌ಬರ್ನ್ ಕಾಲೇಜಿನಲ್ಲಿ ಡೋಲ್ ಕಾನೂನು ಓದಿದ್ದು. ಅಬಿಲೀನ್‌ನಲ್ಲಿ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಲೈಬ್ರರಿ ಇದೆ. ಅದಕ್ಕೇ ಅರ್ಧ ದಿನ ಬೇಕು, ನಾವು ಹೊರಗಿನಿಂದ ನೋಡಿ ಮೊಸರನ್ನ ತಿಂದು ಹೊರಟೆವು. ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಸಲೈನಾ ದಾಟಿದ ಮೇಲೆ ಸಸ್ಯಾಹಾರಿಗಳಿಗೆ ಸಿಗೋದು ಕಡಿಮೆ. ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಪುಳಿಯೋಗರೆ ಕಟ್ಟಿಕೊಳ್ಳಿ.

ಸಲೈನಾ ಆದಮೇಲೆ ಗಾಳಿಯಂತ್ರಗಳ ಸಾಲು, ಆಮೇಲೆ ಬೇಲಿ ಬದಲಾಗುತ್ತದೆ. ಅಪ್ಪ ಮೊದಲು ನೋಡಿದ್ದು ಅದನ್ನೇ. ಮರ ಸಿಗದ ಊರು, ಹಾಗಾಗಿ ಇಲ್ಲಿನವರು ನೆಲದಡಿಯ ಸುಣ್ಣದಕಲ್ಲು ಸೀಳಿ ಕಂಬ ಮಾಡಿ ನೆಟ್ಟಿದ್ದಾರೆ, ಮಧ್ಯೆ ಮುಳ್ಳುತಂತಿ. “ಅರೆ, ನಮ್ಮ ಕಡೆ ತೋಟದ ಕಲ್ಲುಕಂಬ!” ಕಲ್ಲಿನ ಬಣ್ಣ ಮಾತ್ರ ಬೇರೆ, ಹಳದಿ.

ರಸೆಲ್ ನಾಲ್ಕೂವರೆ ಸಾವಿರ ಜನರ ಊರು. 1923ರಲ್ಲಿ ಜಿಲ್ಲೆಯಲ್ಲಿ ಎಣ್ಣೆ ಸಿಕ್ಕಿತು, ಡೋಲ್ ಹುಟ್ಟಿದ್ದೂ ಅದೇ ವರ್ಷ. ಡೋಲ್ ಅವರ ಅಪ್ಪ ಮೊಟ್ಟೆ, ಕೆನೆ ಕೊಳ್ಳುವ ಅಂಗಡಿ ಇಟ್ಟಿದ್ದವರು, ಅಮ್ಮ ಸಿಂಗರ್ ಹೊಲಿಗೆ ಯಂತ್ರ ಮಾರುತ್ತಿದ್ದವರು. ಕಷ್ಟ ಬಂದಾಗ ಮನೆಯನ್ನು ಎಣ್ಣೆ ಕೆಲಸದವರಿಗೆ ಬಾಡಿಗೆಗೆ ಕೊಟ್ಟು ಆರೂ ಜನ ನೆಲಮಾಳಿಗೆಗೆ ಇಳಿದರು. ಮೇಪಲ್ ಬೀದಿಯ ಆ ಮನೆಯನ್ನು ನಾವು ರಸ್ತೆಯಿಂದಲೇ ನೋಡಿದೆವು. ಸಣ್ಣ ಮನೆ. ನೆಲಮಟ್ಟದ ಆ ಕಿಟಕಿಗಳ ಕೆಳಗೆ ಆರು ಜನ ಅಂತ ಅಪ್ಪ ಲೆಕ್ಕ ಹಾಕುತ್ತಾ ನಿಂತರು.

ಇನ್ನೊಂದು ಕಥೆ ಇಲ್ಲೇ ಕೇಳಬೇಕು. ಯುದ್ಧದ ನಂತರ ಷಿಕಾಗೊದಲ್ಲಿ ಡಾಕ್ಟರ್ ಕೆಲಿಕಿಯನ್ ಅವರು ಡೋಲ್ ಭುಜದ ಆಪರೇಷನ್‌ಗೆ ಫೀಸ್ ಬೇಡ ಅಂದರು. ಆದರೆ ಆಸ್ಪತ್ರೆ ಖರ್ಚು? ಡೋಲ್ ಹುಡುಗನಾಗಿದ್ದಾಗ ಸೋಡಾ ಕೊಡುವ ಕೆಲಸ ಮಾಡುತ್ತಿದ್ದ ಡಾಸನ್ ಔಷಧಿ ಅಂಗಡಿಯಲ್ಲಿ ಸಿಗಾರ್ ಡಬ್ಬಿ ಇಟ್ಟು ಊರವರು ಸುಮಾರು 1,800 ಡಾಲರ್ ಕೂಡಿಸಿದರು. 1976ರ ಆಗಸ್ಟ್‌ನಲ್ಲಿ, ಕನ್ಸಾಸ್ ಸಿಟಿಯ ಪಕ್ಷದ ಅಧಿವೇಶನ ಮುಗಿಯುತ್ತಿದ್ದಂತೆ ಫೋರ್ಡ್ ಅವರನ್ನು ಕರೆದುಕೊಂಡು ಡೋಲ್ ಇಲ್ಲಿಗೆ ಬಂದರು. ಕೋರ್ಟಿನ ಮುಂದಿನ ಹುಲ್ಲುಹಾಸಿನಲ್ಲಿ ಆ ಸಹಾಯ ನೆನೆಯುತ್ತಾ ಅತ್ತುಬಿಟ್ಟರು, ಮಾತು ಹೊರಡಲಿಲ್ಲ. ಫೋರ್ಡ್ ಎದ್ದು ಚಪ್ಪಾಳೆ ತಟ್ಟಿದರು, ಜನ ಸೇರಿಕೊಂಡರು. ಕೋರ್ಟು ಅಲ್ಲೇ ಇದೆ, ಕಾರು ನಿಲ್ಲಿಸೋದು ಸುಲಭ. ಮುಂದೆ ಪೆನ್ಸಿಲ್ವೇನಿಯಾದ ಸೆನೆಟರ್ ಆದ ಆರ್ಲೆನ್ ಸ್ಪೆಕ್ಟರ್ ಹೈಸ್ಕೂಲು ಓದಿದ್ದೂ ಇದೇ ಊರಲ್ಲಿ.

ಸಣ್ಣ ಮ್ಯೂಸಿಯಂಗಳು ಋತು ನೋಡಿಕೊಂಡು ತೆರೆಯುತ್ತವೆ. ನಮಗೆ ಒಂದು ಮುಚ್ಚಿತ್ತು. ಹೊರಡುವ ಮುಂಚೆ ಫೋನ್ ಮಾಡಿ. ರಾತ್ರಿ ತಂಗಲು ನೆಲಮಹಡಿ ಕೋಣೆ ಅಂತ ಬುಕ್ ಮಾಡಿದ್ದೆ, ಮೇಲಿನ ಮಹಡಿಯದ್ದು ಕೊಟ್ಟರು, ಲಿಫ್ಟ್ ಇಲ್ಲ. ಮಂಡಿನೋವಿನ ಅಪ್ಪ ಮೆಟ್ಟಿಲು ಹತ್ತುತ್ತಾ “ಡೋಲ್ ಕಾಯ್ದೆ ಇಲ್ಲಿಗೆ ಇನ್ನೂ ಬಂದಿಲ್ಲ” ಅಂದರು. ಹೊರಡುವ ದಿನ ಮತ್ತೊಮ್ಮೆ ಫೋನ್ ಮಾಡಿ ಗಟ್ಟಿ ಮಾಡಿಕೊಳ್ಳಿ.

ಬೆಳಿಗ್ಗೆ ಊರಿನ ದವಸದ ಗೋಪುರದ ಹತ್ತಿರ ನಿಂತಿದ್ದೆವು. ಗೋಧಿ ಹಣ್ಣಾಗುತ್ತಿತ್ತು. ನಮ್ಮಲ್ಲಿ ಬರ ಬಿದ್ದಿದ್ದ 1966ರ ಡಿಸೆಂಬರ್‌ನಲ್ಲಿ ಪರಿಸ್ಥಿತಿ ನೋಡಲು ಭಾರತಕ್ಕೆ ಬಂದ ಅಮೆರಿಕದ ಸಂಸದರ ತಂಡದಲ್ಲಿ ಡೋಲ್ ಇದ್ದರು ಅಂತ ಹೇಳಿದೆ. ಅಪ್ಪನಿಗೆ ಆಗ 14 ವರ್ಷ. ರೇಷನ್ನಿನ ಅಮೆರಿಕನ್ ಗೋಧಿ, ಸ್ಕೂಲಿನ ಹಾಲಿನ ಪುಡಿ, ಉಪ್ಪಿಟ್ಟು ಎಲ್ಲ ನೆನಪಿದೆ. “ಮುಗ್ಗಲು ವಾಸನೆ ಅಂತ ಬೈಕೊಂಡೇ ತಿಂತಿದ್ವಿ” ಅಂದರು. ಗೋಧಿ ಬೆಳೆಯುವವನಿಗೆ ಕೊಳ್ಳುವವರು ಬೇಕು, ಹಸಿದವನಿಗೆ ಗೋಧಿ ಬೇಕು. ಡೋಲ್ ಫುಡ್ ಸ್ಟ್ಯಾಂಪ್ ಹಿಂದೆ ನಿಂತಿದ್ದರಲ್ಲಿ ಈ ಲೆಕ್ಕವೂ ಇತ್ತು, ನೆಲಮಾಳಿಗೆಯೂ ಇತ್ತು ಅನ್ನೋದು ನನ್ನ ಅಂದಾಜು.

ಕೊನೆಗೆ ರಸ್ತೆ ಬಗ್ಗೆ. ಬೆಳಿಗ್ಗೆ ಹೊರಟರೆ ಹೋಗುವಾಗ ಸೂರ್ಯ ಬೆನ್ನಿಗೆ ಇರುತ್ತಾನೆ. ವಾಪಸ್ ಬರೋದನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ, ಆಗಲೂ ಬೆನ್ನಿಗೇ. ಏಪ್ರಿಲ್‌ನಿಂದ ಜೂನ್‌ವರೆಗೆ ಸುಂಟರಗಾಳಿ ಕಾಲ, ಮೊಬೈಲಿನ ಎಚ್ಚರಿಕೆ ಬಂದ್ ಮಾಡಬೇಡಿ. ಸುಮ್ನೆ ಬೀಸುವ ಗಾಳಿಯೂ ಕಡಿಮೆಯಲ್ಲ. ಕಾರಿನ ಬಾಗಿಲು ತೆಗೆಯುವಾಗ ಗಟ್ಟಿ ಹಿಡಿದುಕೊಳ್ಳಿ, ಅಪ್ಪನ ಟೋಪಿ ಗೋಧಿ ಹೊಲಕ್ಕೆ ಹೋಯಿತು. ಹೊಲ ಬೇರೆಯವರದ್ದು, ಒಳಗೆ ಇಳಿಯಲಿಲ್ಲ.